ಬಿಲ್ಲೆ ತಣಿಯುವ ಹೊತ್ತು

ಡಾಟ್‌ಕಾಮ್ ಹುಚ್ಚು ನೆತ್ತಿಗೇರಿದ್ದ ಕಾಲ. ಅಮೆರಿಕದ ಮೌಂಟನ್ ವ್ಯೂನಲ್ಲಿ ಯಾರನ್ನು ಮಾತಾಡಿಸಿದರೂ ವೆಬ್‌ಸೈಟ್ ಅನ್ನುತ್ತಿದ್ದರು. ಅಂಥದ್ದರಲ್ಲಿ ಹುಬ್ಬಳ್ಳಿಯ ಪರ್ವೀನ್ ಒಂದು ಸಣ್ಣ ಕಂಪನಿಯ ಹಿಂದಿನ ಕೋಣೆಯಲ್ಲಿ ಮಣ್ಣು ಸುಡುತ್ತ ಕೂತಿದ್ದಳು. ಮಣ್ಣೆಂದರೆ ಕುಂಬಾರರ ಮಣ್ಣಲ್ಲ. ಪಿಂಗಾಣಿಯ ಜಾತಿಯ ಪುಡಿ. ಅದನ್ನು ಒತ್ತಿ, ಫರ್ನೇಸಿನಲ್ಲಿ ಸುಟ್ಟು, ಮೋಡೆಮ್ ಸುಟ್ಟುಹೋಗದಂತೆ ಕಾಯುವ ಪುಟ್ಟ ಬಿಲ್ಲೆ ಮಾಡಬೇಕಿತ್ತು. ತಣ್ಣಗಿರುವಾಗ ಬಿಲ್ಲೆ ಕರೆಂಟನ್ನು ಹರಿಯಬಿಡಬೇಕು, ಬಿಸಿಯಾದರೆ ತಾನೇ ತಡೆಯಬೇಕು. ಅವಳ ಬಿಲ್ಲೆಗಳೋ, ಎಷ್ಟು ಬಿಸಿಯಾದರೂ ದಾರಿ ಬಿಟ್ಟುಕೊಂಡೇ ಇರುತ್ತಿದ್ದವು, ಮಾನ ಮರ್ಯಾದೆ ಇಲ್ಲದವು!

ಕಂಪನಿ ನಡೆಸುವ ಮೈಸೂರಿನ ವೆಂಕಟಾಚಲ ಬೇಸತ್ತರು. ಶುಕ್ರವಾರ ಫರ್ನೇಸು ಮಾರಾಟ, ಆ ಜಾಗದಲ್ಲಿ ವೆಬ್‌ಸೈಟಿನವರ ಮೇಜು, ಪರ್ವೀನಳಿಗೂ ಅಲ್ಲೇ ಒಂದು ಕುರ್ಚಿ ಎಂದು ಸಾರಿಬಿಟ್ಟರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ, ಈ ಬಿಲ್ಲೆ ಯಾಕೆ ಮಾತು ಕೇಳುತ್ತಿಲ್ಲ ಎಂದು ತಿಳಿಯದೆ ಇಲ್ಲಿಂದ ಹೇಗೆ ಏಳುವುದು?

ಆ ವಾರವೇ ಅವಳ ಅಬ್ಬಾ ಮೆಹಬೂಬ್ ಸಾಬ್ ಊರಿಂದ ಬಂದಿದ್ದರು, ಒಂದು ಮಿಕ್ಸರು, ಕಾದು ಸೊಳ್ಳೆ ಓಡಿಸುವ ಒಂದು ಮಷೀನು ಹೊತ್ತುಕೊಂಡು. ಅಮೆರಿಕದ ಕರೆಂಟಿನ ಒತ್ತಡ ನಮ್ಮ ಕಡೆಯದರ ಅರ್ಧ. ಮಿಕ್ಸರು ಕುಂಯ್ ಅಂದು ಸುಮ್ಮನಾಯಿತು. ಸೊಳ್ಳೆ ಮಷೀನು ಮಾತ್ರ ಹುಬ್ಬಳ್ಳಿಯಲ್ಲಿ ಆಗುತ್ತಿದ್ದಷ್ಟೇ ಬಿಸಿಯಾಯಿತು. ಸಾಬರಿಗೆ ಹೆಮ್ಮೆಯೋ ಹೆಮ್ಮೆ. ಪರ್ವೀನ್ ನಕ್ಕಳು, ಆಮೇಲೆ ಅವಳ ನಗು ನಿಂತಿತು. ಅರ್ಧ ಒತ್ತಡಕ್ಕೆ ಕಾಲುಭಾಗ ಬಿಸಿ ಬರಬೇಕು. ಇದು ಹೇಗೆ?

ಸ್ಕ್ರೂ ಬಿಚ್ಚಿ ನೋಡಿದರೆ ಒಳಗೊಂದು ಬಿಲ್ಲೆ! ಅವಳದೇ ಜಾತಿಯದು. ಒತ್ತಡ ಹೆಚ್ಚೋ ಕಡಿಮೆಯೋ, ಬೇಕಾದಷ್ಟು ಬಿಸಿಯಾದ ಕೂಡಲೇ ಕರೆಂಟನ್ನು ತಡೆಯುವಂಥದ್ದು.

“ಅಬ್ಬಾ, ಇದನ್ನ ಕೊಯ್ದು ನೋಡ್ಲೇನು?”

“ನೋಡವ್ವಾ. ಸೊಳ್ಳಿಗೆ ನಾ ಅದೀನಿ.”

ಮರುದಿನ ಆ ಬಿಲ್ಲೆಯನ್ನೂ ತನ್ನದೊಂದನ್ನೂ ಕೊಯ್ದು, ನುಣ್ಣಗೆ ತಿಕ್ಕಿ, ಆಸಿಡ್ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಎರಡರಲ್ಲೂ ಹರಳಿನ ಕಾಳುಗಳು ಒತ್ತೊತ್ತಾಗಿ ಕೂತಿದ್ದವು, ಒಂದೇ ಗಾತ್ರ, ಒಂದೇ ರೂಪ. ಬಿಸಿ ಮಾಡಿ, ಸೂಜಿಯಂಥ ಎರಡು ತಂತಿಗಳನ್ನು ಒಂದೇ ಕಾಳಿನ ಮೇಲಿಟ್ಟಳು. ಎರಡು ಬಿಲ್ಲೆಗಳಲ್ಲೂ ಕರೆಂಟು ಸಲೀಸಾಗಿ ಹರಿಯಿತು. ಆಮೇಲೆ ತಂತಿಗಳನ್ನು ಅಕ್ಕಪಕ್ಕದ ಕಾಳುಗಳ ಮೇಲಿಟ್ಟಳು. ಅಬ್ಬಾನ ಬಿಲ್ಲೆಯಲ್ಲಿ ಕರೆಂಟು ನಡುವಿನ ಗೆರೆ ದಾಟಲಾರದೆ ನಿಂತುಬಿಟ್ಟಿತು, ಅವಳದರಲ್ಲಿ ಆರಾಮಾಗಿ ದಾಟಿಹೋಯಿತು. ತಡೆಯುವುದು ಕಾಳಲ್ಲ, ಕಾಳುಗಳ ನಡುವಿನ ಗೆರೆ! ಅವಳ ಬಿಲ್ಲೆಯ ಗೆರೆಗೆ ಏನೋ ಕೊರತೆಯಿತ್ತು.

ಏನದು? ಬಿಲ್ಲೆ ತಣಿಯುವಾಗ ಗಾಳಿಯ ಆಮ್ಲಜನಕ ಆ ಗೆರೆಗುಂಟ ಒಳಗಿಳಿದು ಅದನ್ನು ತಡೆಗೋಡೆಯಾಗಿಸುತ್ತದೆ. ಅದಕ್ಕೆ ಹೊತ್ತು ಬೇಕು. ಬೇಗ ಬೇಗ ಎಂದು ಎಲ್ಲರೂ ತಲೆ ತಿನ್ನುತ್ತಿದ್ದರಲ್ಲ, ಅವಳು ಬಿಲ್ಲೆಗಳ ತಟ್ಟೆಯನ್ನು ಕೆಂಪಗಿರುವಾಗಲೇ ಫರ್ನೇಸಿನಿಂದ ಹೊರಗೆಳೆಯುತ್ತಿದ್ದಳು. ಅಯ್ಯೋ ನನ್ನ ದಡ್ಡತನವೇ ಎಂದು ಹಣೆ ಚಚ್ಚಿಕೊಂಡಳು.

ಗುರುವಾರ ಹೊಸ ಬಿಲ್ಲೆಗಳನ್ನು ಸುಡಲಿಟ್ಟಳು. ಶುಕ್ರವಾರ ಬೆಳಿಗ್ಗೆ ಫರ್ನೇಸು ಒಯ್ಯಲು ಟ್ರಕ್ಕು ಬಂದಾಗ ಒಳಗಿನ ಕಾವು ಇನ್ನೂ ಇಳಿದಿರಲಿಲ್ಲ. ಬಾಗಿಲು ತೆರೆದು ಬೇಗ ತಣಿಸಿ ಎಂದರು ವೆಂಕಟಾಚಲ. ಪರ್ವೀನ್ ಅಡ್ಡ ನಿಂತಳು.

“ಸಂಜೆವರೆಗೂ ಇದನ್ನ ತೆಗೆಯೋಕೆ ಬಿಡಲ್ಲ ಸರ್. ಆಮೇಲೆ ಬೇಕಾದ್ರೆ ನನ್ನನ್ನ ಮನೆಗೆ ಕಳಿಸಿ.”

ಅವರು ಗೊಣಗುತ್ತಲೇ, ಸಂಜೆ ಬಾ ಎಂದು ಟ್ರಕ್ಕಿನವನನ್ನು ಅಟ್ಟಿದರು.

ಸಂಜೆ ಅವರ ಎದುರಿಗೇ ಬಿಲ್ಲೆಗೆ ತಂತಿ ಕಟ್ಟಿ ಕರೆಂಟು ಬಿಟ್ಟಳು. ಬಿಲ್ಲೆ ಬಿಸಿಯಾಯಿತು. ಕರೆಂಟು ಅಳೆಯುವ ಮೀಟರಿನ ಮುಳ್ಳು ಸರಸರ ಇಳಿದು ಸೊನ್ನೆಯ ಹತ್ತಿರ ಕೂತಿತು. ತಣಿಸಿ ಮತ್ತೆ ಬಿಟ್ಟಳು, ಮತ್ತೆ ಇಳಿಯಿತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಾಳು, ಗೆರೆ, ಗಾಳಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ವೆಂಕಟಾಚಲ ಸ್ಟೂಲು ಎಳೆದುಕೊಂಡು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಆ ಗೆರೆ ಎಲ್ಲಿದೆ ಎಂದು ಹುಡುಕತೊಡಗಿದರು. ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆದ.

“ಅವನಿಗೆ ವಾಪಸ್ ಹೋಗೋಕೆ ಹೇಳಿ,” ಎಂದರು, ತಲೆ ಎತ್ತದೆ.