ಬೇಡವೆಂದವನ ಲೋಟ

ಇಂಗ್ಲೆಂಡಿನ ಲೀಡ್ಸ್ ನಗರದ ಹೇರ್‌ಹಿಲ್ಸ್‌ನಲ್ಲಿ ಹಿತ್ತಿಲೇ ಇಲ್ಲದ ಮನೆಗಳ ಸಾಲುಗಳಿವೆ. ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಿರುವುದರಿಂದ ಅಲ್ಲಿಯ ಹೆಂಗಸರು ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ೨೦೦೮ರ ಮೇ ತಿಂಗಳ ಒಂದು ಶನಿವಾರ ಡನೂತಾ ಆ ಹಗ್ಗದ ಮೇಲೆ ಮಗಳ ಬಿಳಿ ಉಡುಪನ್ನು ಹರವುತ್ತಿದ್ದಳು. ಎಂಟು ವರ್ಷದ ಕಿಂಗಾಳಿಗೆ ಮರುದಿನ ಚರ್ಚಿನಲ್ಲಿ ಮೊದಲ ಪರಮಪ್ರಸಾದ, ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ದಿನ. ಅದನ್ನು ನೋಡಲೆಂದೇ ಡನೂತಾಳ ಮಾವ, ಗಂಡನ ಅಪ್ಪ ಬ್ರೊನಿಸ್ಲಾವ್ ಪೋಲೆಂಡಿನಿಂದ ಬಂದಿಳಿದಿದ್ದ. ಅವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬಾಟಲಿಗಳೇ ಹೆಚ್ಚಿದ್ದವು.

ಡನೂತಾಳ ಗಂಡ ಲೆಶೆಕ್ ಹಾಸಿಗೆಯ ಸ್ಪ್ರಿಂಗು ಸುತ್ತುವ ಕಾರ್ಖಾನೆಯ ಕೆಲಸಗಾರ. ಮೂರು ವರ್ಷದ ಹಿಂದೆ ಒಬ್ಬನೇ ಈ ದೇಶಕ್ಕೆ ಬಂದು, ಆರು ಜನರಿದ್ದ ಕೋಣೆಯಲ್ಲಿ ಮಲಗೆದ್ದು, ಆಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡಿದ್ದ. ಅವನು ಕುಡುಕನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಎಲ್ಲರೂ ಅವನಿಗೆ ಕುಡುಕನೆಂಬ ಪಟ್ಟ ಕಟ್ಟಿ ತಮ್ಮ ಕೈ ತೊಳೆದುಕೊಂಡರು. ಒಬ್ಬನೇ ಕೂತು ಅವನು ಎಂದೂ ಕುಡಿದವನಲ್ಲ. ಆದರೆ ಅವರ ಜನರಲ್ಲಿ ನಾಮಕರಣ, ಹೊಸ ಮನೆ, ತಮ್ಮ ಹೆಸರಿನ ಸಂತನ ಹಬ್ಬ, ಸಾವು, ಯಾವುದೇ ಇರಲಿ, ಮನೆಯ ಯಜಮಾನ ಸುರಿದದ್ದನ್ನು ಬಂದವನು ಒಂದೇ ಗುಟುಕಿಗೆ ಖಾಲಿ ಮಾಡಬೇಕು. ಬೇಡವೆಂದರೆ ಆ ಮನೆಯ ಮುಖಕ್ಕೆ ಉಗಿದಂತೆ. ಇದನ್ನು ಅವರು ಪ್ರೀತಿ ಎಂದು ಕರೆಯುತ್ತಿದ್ದರು.

ಹಿಂದಿನ ನವೆಂಬರಿನಲ್ಲಿ ಅಂಥದೊಂದು ಪ್ರೀತಿಯ ಮರುದಿನ ಲೆಶೆಕ್ ಯಂತ್ರದ ಪಕ್ಕದಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಲ್ಲಿ ಮೇದೋಜೀರಕ ಗ್ರಂಥಿ ಸುಟ್ಟುಕೊಂಡಂತಾಗಿದೆ ಎಂದರು. ಡಾಕ್ಟರರ ಇಂಗ್ಲಿಷು ಡನೂತಾಳಿಗೆ ಅರ್ಥವಾಗಲಿಲ್ಲ. ಆ ವಾರ್ಡಿನ ನರ್ಸು ನೀಲಾಂಬಿಕಾ ದಾವಣಗೆರೆಯವಳು, ಅವರದೇ ಬೀದಿಯ ಎದುರುಮನೆಯವಳು. ಅವಳು ಒಂದು ಚೀಟಿಯ ಮೇಲೆ ಹೊಟ್ಟೆಯ ಚಿತ್ರ ಬರೆದು, ಸರಳ ಇಂಗ್ಲಿಷಿನಲ್ಲಿ ಹೇಳಿದಳು: "ಇನ್ಮೇಲೆ ಒಂದು ಹನಿನೂ ಬೇಡ. ಇನ್ನೊಂದು ಸಲ ಹಿಂಗಾದ್ರೆ ನಾವು ಉಳಿಸ್ತೀವಿ ಅಂತ ಮಾತು ಕೊಡಕ್ಕಾಗಲ್ಲ."

ಆರು ತಿಂಗಳು ಲೆಶೆಕ್ ಮುಟ್ಟಲಿಲ್ಲ. ಮುಖಕ್ಕೆ ಬಣ್ಣ ಬಂತು. ಮಗಳಿಗೆ ಸೈಕಲ್ಲು ಕಲಿಸಿದ. ಸ್ನೇಹಿತರು ಕರೆಯುವುದನ್ನು ಬಿಟ್ಟರು. ಅದಕ್ಕೆ ಒಳಗೊಳಗೇ ನೊಂದ, ಆದರೆ ಹಠ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕಿಂಗಾ ಮತ್ತು ಅವಳ ಜೊತೆಯ ಮಕ್ಕಳು ಪೂಜೆ ಮುಗಿದ ಮೇಲೆ ಸಾಲಾಗಿ ನಿಂತು, ಹದಿನೆಂಟು ತುಂಬುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅದೂ ಅವರ ಸಂಪ್ರದಾಯವೇ. ದೊಡ್ಡವರ ಕಣ್ಣಲ್ಲಿ ನೀರಾಡಿತು. ಒಂದು ಗಂಟೆ ಕಳೆದಿರಲಿಲ್ಲ, ಅದೇ ದೊಡ್ಡವರು ಡನೂತಾಳ ಮನೆಯ ಮೇಜಿನ ಸುತ್ತ ವೋಡ್ಕಾದ ಪುಟ್ಟ ಲೋಟಗಳನ್ನು ಜೋಡಿಸುತ್ತಿದ್ದರು. ಮಕ್ಕಳ ಆ ಪ್ರತಿಜ್ಞೆಯ ಗೌರವಕ್ಕೇ ಕುಡಿಯೋಣವೆಂದು ಒಬ್ಬ ಹೇಳಿದಾಗ ಯಾರಿಗೂ ನಾಚಿಕೆಯಾಗಲಿಲ್ಲ.

ಲೆಶೆಕ್ ನೀರಿನ ಲೋಟ ಎತ್ತಿಕೊಂಡ.

"ಅದೇನದು?" ಬ್ರೊನಿಸ್ಲಾವ್ ಎದ್ದು ನಿಂತ. "ಮಗಳ ದಿನ ನೀರು ಕುಡಿತೀಯಾ? ನಾನು ಸತ್ತಿದೀನಾ?"

"ಅಪ್ಪ, ಡಾಕ್ಟರು ಬೇಡ ಅಂದಿದಾರೆ."

"ಇಂಗ್ಲೆಂಡಿನ ಡಾಕ್ಟರು! ನಮ್ಮಪ್ಪ ಎಂಬತ್ತೆರಡು ವರ್ಷ ಕುಡಿದ, ಹೊಲದಲ್ಲಿ ದುಡೀತಾ ಸತ್ತ. ಒಂದೇ ಒಂದು, ನನ್ನ ಕೈಯಿಂದ."

"ಮಾವ, ಅವರು ಸಾಯ್ತಾರೆ," ಎಂದಳು ಡನೂತಾ. "ನಾನು ಸುಮ್ನೆ ಹೇಳ್ತಿಲ್ಲ. ಸಾಯ್ತಾರೆ."

"ಒಳ್ಳೇ ದಿನ ಅಪಶಕುನ ನುಡೀಬೇಡ. ಗಂಡಸರ ಮಧ್ಯೆ ನಿನಗೇನು ಕೆಲಸ?"

ಊಟಕ್ಕೆ ಬಂದಿದ್ದ ನೀಲಾಂಬಿಕಾಳಿಗೆ ಅವರ ಭಾಷೆ ಬಾರದಿದ್ದರೂ ನಡೆಯುತ್ತಿರುವುದು ಅರ್ಥವಾಯಿತು. ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಡನೂತಾ ಅದನ್ನು ತಮ್ಮ ಭಾಷೆಯಲ್ಲಿ ಮಾವನಿಗೆ ತಿಳಿಸಿದಳು: "ನಮ್ಮೂರಲ್ಲಿ ಮದುವೆ ಮಂಟಪದೊಳಗೆ ಹನಿನೂ ಇರಲ್ಲ, ಹೊರಗೆ ಕಾರಿನ ಡಿಕ್ಕಿ ತುಂಬ ಇರ್ತದೆ. ನೀವು ಎದುರಿಗೆ ಇಡ್ತೀರಿ, ನಾವು ಮುಚ್ಚಿಡ್ತೀವಿ. ಹೆಣ ಎತ್ತೋದು ಮಾತ್ರ ಎರಡೂ ಕಡೆ ಒಂದೇ. ಯಜಮಾನರೇ, ನಿಮ್ಮ ಮಗ ಬೇಡ ಅಂತಿರೋದು ನಿಮ್ಮನ್ನಲ್ಲ."

ಮುದುಕ ಕೇಳಿಸಿಕೊಂಡ. ಕೇಳಿಸಿಕೊಂಡೇ ಲೋಟವನ್ನು ಮಗನ ತುಟಿಯ ಹತ್ತಿರ ಹಿಡಿದ. ಸುತ್ತ ಹದಿನೈದು ಜನ ನೋಡುತ್ತಿದ್ದರು. ಅವರಲ್ಲಿ ಒಬ್ಬನಾದರೂ ಬಿಡಿ ಎಂದಿದ್ದರೆ ಸಾಕಿತ್ತು. ಒಬ್ಬನೂ ಅನ್ನಲಿಲ್ಲ. ಲೆಶೆಕ್ ಹೆಂಡತಿಯತ್ತ ನೋಡಿದ. ತಪ್ಪು ಮಾಡುವ ಮೊದಲೇ ಕ್ಷಮೆ ಕೇಳುವ ಆ ನೋಟ ಡನೂತಾಳಿಗೆ ಎಂದಿಗೂ ಮರೆಯಲಾಗಲಿಲ್ಲ. ಅವನು ಕುಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಆದ ಮೇಲೆ ಎರಡನೆಯದಕ್ಕೆ, ಐದನೆಯದಕ್ಕೆ ಬೇಡವೆನ್ನಲು ಅವನ ಬಳಿ ಯಾವ ಮಾತೂ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಪಾಳಿಗೆ ಹೊರಟವನು ಮನೆಯ ಮೆಟ್ಟಿಲ ಮೇಲೇ ಮಡಚಿಕೊಂಡು ಬಿದ್ದ. ಅವನ ಯಂತ್ರಕ್ಕೆ, ಕಾರ್ಖಾನೆಗೆ ಆಳು ಒದಗಿಸುವ ಏಜೆನ್ಸಿಯವರು ಅಂದೇ ಇನ್ನೊಬ್ಬನನ್ನು ಕಳಿಸಿದರು. ಹನ್ನೆರಡನೆಯ ದಿನ ಲೆಶೆಕ್ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗಾಗ ಮೂವತ್ತನಾಲ್ಕು ವರ್ಷ. ನೀಲಾಂಬಿಕಾ ಪಾಳಿ ಮುಗಿದ ಮೇಲೂ ಮನೆಗೆ ಹೋಗದೆ ಅವನ ಮೈ ತೊಳೆದಳು.

ಮಣ್ಣು ಮಾಡಿ ಬಂದವರಿಗೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಊಟ. ಡನೂತಾ ಅಡುಗೆಮನೆಯಿಂದ ಬಿಸಿ ಸೂಪಿನ ಪಾತ್ರೆ ಹೊತ್ತು ತಂದಾಗ ಗಂಡಸರು ಎದ್ದು ನಿಂತಿದ್ದರು. ಪ್ರತಿಯೊಬ್ಬನ ಕೈಯಲ್ಲೂ ತುಂಬಿದ ಪುಟ್ಟ ಲೋಟ. ಬ್ರೊನಿಸ್ಲಾವ್ ಅಳುತ್ತಾ ಹೇಳುತ್ತಿದ್ದ: "ನನ್ನ ಮಗನ ಆತ್ಮಕ್ಕೆ..."

ಅವಳು ಪಾತ್ರೆ ಇಳಿಸಿದಳು. ನೇರವಾಗಿ ಹೋಗಿ ಮಾವನ ಕೈಯಿಂದ ಲೋಟ ಕಿತ್ತುಕೊಂಡಳು.

"ಅವರು ಹೇಗೆ ಸತ್ತರು? ಹೇಳಿ. ಇಷ್ಟು ಜನರ ಮುಂದೆ ನಿಮ್ಮ ಬಾಯಲ್ಲೇ ಹೇಳಿ."

"ದೇವರ ಇಚ್ಛೆ, ಮಗಳೇ."

"ದೇವರು ಸುರೀಲಿಲ್ಲ. ನೀವು ಸುರಿದ್ರಿ." ಅವಳು ಉಳಿದವರತ್ತ ತಿರುಗಿದಳು. "ನೀವು ಚಪ್ಪಾಳೆ ತಟ್ಟಿದ್ರಿ. ನೀನು, ನೀನು, ನೀನೂ. ನಾನು ಎಣಿಸಿದೀನಿ. ನನ್ನ ಗಂಡನ ಊಟದಲ್ಲಿ ಇದು ಇರಲ್ಲ. ಕುಡಿಯಲೇಬೇಕು ಅನ್ನೋರು ಹೊರಗೆ ಹೋಗಿ."

"ಹೆತ್ತ ಅಪ್ಪನನ್ನೇ ಹೊರಗೆ ಹಾಕ್ತೀಯಾ?"

"ಹೌದು, ಮಾವ."

ಮುದುಕ ಕೋಟು ಎತ್ತಿಕೊಂಡು ಹೊರಟ. ಅವನ ಹಿಂದೆ ಒಬ್ಬೊಬ್ಬರಾಗಿ ಎಂಟು ಗಂಡಸರು. ಇದು ಅವಮಾನವೆಂದು ಗೊಣಗುತ್ತಲೇ ಹೋದರು. ಡನೂತಾ ಅವರನ್ನು ವಾಪಸು ಕರೆಯಲಿಲ್ಲ.

ಬಾಗಿಲಲ್ಲಿ ಕೊನೆಯವನು ನಿಂತು ಒಳಗೆ ಕೂತಿದ್ದ ತನ್ನ ಹೆಂಡತಿಗೆ ಕೂಗಿದ: "ಏಳು, ಹೋಗೋಣ."

ಆಕೆ ಡನೂತಾಳ ಜೊತೆ ಒಮ್ಮೆಯೂ ಮಾತಾಡಿದವಳಲ್ಲ. ಹೊಟ್ಟೆಯಲ್ಲಿ ಆರೇಳು ತಿಂಗಳ ಕೂಸು. ಗಂಡನ ಕೈಯಲ್ಲಿನ್ನೂ ಇದ್ದ ಲೋಟವನ್ನು ನೋಡಿದಳು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನೀವು ಹೋಗಿ," ಅಂದಳು. "ನಾನು ಇಲ್ಲೇ ಊಟ ಮಾಡ್ತೀನಿ."