ಒಂದೇ ಯಂತ್ರದಲ್ಲಿ ಎರಡು ಸಂಸಾರ

ಹಿಂದಿನ ಕೋಣೆಯ ಕಂಪ್ಯೂಟರಿನ ಗುಂಡಿ ಒತ್ತಿದರೆ ಮೊದಲು ಒಂದು ಕಪ್ಪು ಪರದೆ ಬರುತ್ತಿತ್ತು. ಅದರಲ್ಲಿ ಎರಡೇ ಸಾಲು. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್, ಯಂತ್ರವನ್ನು ನಡೆಸುವ ಎರಡು ಬೇರೆ ಬೇರೆ ವ್ಯವಸ್ಥೆಗಳು. ಯಾವುದು ಬೇಕೆಂದು ಹೇಳದೆ ಸುಮ್ಮನೆ ಕೂತರೆ ಯಂತ್ರ ತಾನಾಗಿಯೇ ಮೇಲಿನದನ್ನು ಆರಿಸಿಕೊಳ್ಳುತ್ತಿತ್ತು. ಮೇಲಿನದು ಗಂಡನದು, ಕೆಳಗಿನದು ಹೆಂಡತಿಯದು. ಈ ಮನೆಯಲ್ಲಿ ತನ್ನ ಸ್ಥಾನ ಎಲ್ಲಿದೆ ಅನ್ನುವುದು ಈ ಡಬ್ಬಕ್ಕೂ ಗೊತ್ತಾಗಿಬಿಟ್ಟಿದೆ ಎಂದು ಅವಳು ನಕ್ಕಿದ್ದಳು. ಆಗ ಅವಳಿಗೆ ಗಟ್ಟಿಯಾಗಿ ನಗುವಷ್ಟು ದನಿ ಇನ್ನೂ ಉಳಿದಿತ್ತು.

ಗಂಡನಿಗೆ ಸ್ಟುಡಿಯೊದವರು ಇಟ್ಟ ಹೆಸರು ಕಿವಿರಾಯ. ಬೇರೆಯವರು ಓದಿ ಕೊಟ್ಟ ಪುಸ್ತಕಗಳ ಧ್ವನಿಮುದ್ರಣವನ್ನು ಮನೆಯಲ್ಲೇ ಕೂತು ಚೊಕ್ಕ ಮಾಡುವುದು ಅವನ ಕಸುಬು. ಓದುವವರ ಏದುಸಿರು, ತುಟಿಯ ಚಪ್ಪರಿಕೆ, ಎಲ್ಲೋ ತಿರುಗುವ ಫ್ಯಾನಿನ ಗುಂಯ್, ಎಲ್ಲವನ್ನೂ ಅಕ್ಕಿಯಲ್ಲಿನ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುತ್ತಿದ್ದ. ಅವನ ಸಾಮಾನು ಸರಂಜಾಮೆಲ್ಲ ಲಿನಕ್ಸ್‌ನಲ್ಲಿತ್ತು. ವಿಂಡೋಸ್ ಅಂದರೆ ಮೂಗು ಮುರಿಯುತ್ತಿದ್ದ. ಅದನ್ನು ಬಳಸುವ ಕೋಟ್ಯಂತರ ಜನ ಬುದ್ಧಿ ಕಡಿಮೆಯವರೆಂದೇನೂ ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಮುಖದ ಮೇಲೆ ಬರೆದಿರುತ್ತಿತ್ತು.

ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರೆಲ್ಲ ಅವಳನ್ನು ಗೇರಕ್ಕ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು ಕ್ಲಚ್ಚು, ಬ್ರೇಕು, ಎಡಕ್ಕೆ ನೋಡು ಎಂದು ಕೂಗಿ ಕೂಗಿ ದನಿ ಒಡೆದಿದೆ ಎಂದೇ ಎಲ್ಲರೂ ತಿಳಿದರು. ಅವಳೂ ಹಾಗೆಯೇ ತಿಳಿದು ಬಿಸಿನೀರು ಕುಡಿಯುತ್ತ ದಿನ ದೂಡಿದಳು. ಕೊನೆಗೆ ಆಸ್ಪತ್ರೆಗೆ ಹೋದರೆ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ವೈದ್ಯೆ. ಗೇರಕ್ಕ ತಲೆಯಾಡಿಸಿ, ಹಾಗಾದರೆ ಕಲಿಯುವವರಿಗೆ ಇನ್ನು ಮೇಲೆ ತಲೆಗೊಂದು ಮೊಟಕಿದರಾಯಿತು ಎಂದಳು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು.

ಅದೇ ಆಸ್ಪತ್ರೆಯಲ್ಲಿ ಮಾತಿನ ತೊಂದರೆಗಳನ್ನು ನೋಡಿಕೊಳ್ಳುವ ಹುಡುಗಿಯೊಬ್ಬಳು ದಾರಿ ತೋರಿಸಿದಳು. ಒಂದು ಸಾಫ್ಟ್‌ವೇರ್ ಇದೆ. ಅದು ತೋರಿಸುವ ವಾಕ್ಯಗಳನ್ನು ಆಪರೇಷನ್ನಿಗೆ ಮೊದಲು ಒಂದೊಂದಾಗಿ ಓದಿ ಮುದ್ರಿಸಿಡಬೇಕು. ಎಲ್ಲ ಮುಗಿದ ಮೇಲೆ ಅದು ಆ ದನಿಯನ್ನು ಕಲಿತುಕೊಳ್ಳುತ್ತದೆ. ಮುಂದೆ ಟೈಪ್ ಮಾಡಿದ್ದನ್ನೆಲ್ಲ ಅದೇ ದನಿಯಲ್ಲಿ ಆಡಿ ತೋರಿಸುತ್ತದೆ. ಗಂಡ ಹೆಂಡತಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅದು ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ.

ಗೇರಕ್ಕನ ತಮ್ಮ ಮಾರನೆಯ ದಿನವೇ ತನ್ನ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದ. "ಭಾವ, ಇದು ಅಕ್ಕನಿಗೇ ಇರ್ಲಿ. ಇದರಲ್ಲಿ ವಿಂಡೋಸ್ ಒಂದೇ ಇದೆ, ನಿಮ್ಮ ತಂಟೆಗೆ ಬರಲ್ಲ" ಎಂದ. ಕಿವಿರಾಯ ಅದನ್ನು ಕಿವಿಯ ಹತ್ತಿರ ಹಿಡಿದು ನೋಡಿದ. ಒಳಗಿನಿಂದ ಸೊಂಯ್ ಅನ್ನುತ್ತಿದೆ, ಇದರಲ್ಲಿ ಮುದ್ರಿಸುವುದಕ್ಕಿಂತ ರಸ್ತೆಯಲ್ಲಿ ನಿಂತು ಮುದ್ರಿಸುವುದು ಮೇಲು ಎಂದು ಹಿಂದಕ್ಕೆ ಕೊಟ್ಟ. ತನ್ನ ಯಂತ್ರದಲ್ಲೇ ಜಾಗ ಬಿಡಿಸಿ ವಿಂಡೋಸ್ ಹಾಕಿದ. ತನ್ನದನ್ನು ಬಿಡಲು ಮನಸ್ಸಿಲ್ಲ, ಅವಳದನ್ನು ಹೊರಗಿಡುವಂತಿಲ್ಲ. ಎರಡೂ ಇರಲಿ ಎಂದುಕೊಂಡ. ಧ್ವನಿಯ ಕಡತಗಳಿಗೆಂದು ಎರಡೂ ಕಡೆಯಿಂದ ತೆರೆಯಬಹುದಾದ ಒಂದು ಭಾಗ ಮಾಡಿಕೊಟ್ಟ. ಆ ಮನುಷ್ಯನಿಗೆ ಕೆಲಸ ಗೊತ್ತಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಗೊತ್ತಿದೆ ಅನ್ನುವುದೇ ಅವನಿಗೆ ಮುಳುವಾಯಿತು.

ಅವಳಿಗೆ ಒಂದೇ ಒಂದು ಮಾತು ಹೇಳಿದ್ದ. ಓದಿ ಮುಗಿದ ಮೇಲೆ ಯಂತ್ರವನ್ನು ಪೂರ್ತಿ ಆರಿಸಬೇಕು, ತೆರೆದದ್ದನ್ನು ತೆರೆದಂತೆಯೇ ಇಟ್ಟು ಹೈಬರ್ನೇಟಿನಲ್ಲಿ ಮಲಗಿಸಬಾರದು. ಗೇರಕ್ಕ ಮಲಗಿಸುತ್ತಿದ್ದಳು. ಮಲಗಿಸಿದರೆ ಬಿಟ್ಟ ವಾಕ್ಯ ಬಿಟ್ಟಲ್ಲೇ ಇರುತ್ತಿತ್ತು. ಆರಿಸಿದರೆ ಮತ್ತೆ ಸಾಫ್ಟ್‌ವೇರ್ ತೆರೆದು, ಮೈಕ್ ಸರಿಮಾಡಿ, ಪಟ್ಟಿಯಲ್ಲಿ ಹುಡುಕಬೇಕು. ಅಷ್ಟರಲ್ಲಿ ಗಂಟಲಿನ ಒಳ್ಳೆಯ ಹೊತ್ತು ಕಳೆದುಹೋಗುತ್ತಿತ್ತು. ಅವನು ಆಕ್ಷೇಪಿಸಿದಾಗ, ಸಿಗ್ನಲ್ಲು ಸಿಕ್ಕಿದ ಕಡೆಯೆಲ್ಲ ಯಾರು ಇಂಜಿನ್ ಆಫ್ ಮಾಡುತ್ತಾರೆ, ತಾನಂತೂ ಯಾರಿಗೂ ಹಾಗೆ ಕಲಿಸಿಲ್ಲ ಎಂದಳು. ಅವನಿಗೆ ನಗು ಬಂತು. ನಕ್ಕ ಮೇಲೆ ಗದರಿಸುವುದು ಹೇಗೆ?

ಆ ವಾರಗಳು ಚೆನ್ನಾಗಿದ್ದವು ಎಂದರೆ ಯಾರೂ ನಂಬಲಾರರು. ಬೆಳಗಿನ ಹೊತ್ತು ದನಿ ಸ್ವಲ್ಪ ತಿಳಿಯಾಗಿರುತ್ತಿತ್ತು. ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಅವಳು ಓದುತ್ತಿದ್ದಳು. ಆ ಸಾಫ್ಟ್‌ವೇರಿನ ವಾಕ್ಯಗಳಿಗೆ ತಲೆಬುಡ ಇರಲಿಲ್ಲ. ನೀಲಿ ಕೊಡೆ ಯಾರದು, ನಾಳೆ ಮೀನುಗಳು ಬರುತ್ತವೆಯೇ, ಇಂಥವೇ. ಅವನ್ನೂ ಅವಳು ಶ್ರದ್ಧೆಯಿಂದ ಓದಿದಳು. ಸ್ವಂತದ್ದನ್ನು ಸೇರಿಸಲು ಜಾಗವಿತ್ತು. ಅಲ್ಲಿ ಗಂಡನಿಗೆ ಬೇಕಾಗುವ ಬೈಗುಳಗಳನ್ನೆಲ್ಲ ಸಾಲಾಗಿ ಓದಿಟ್ಟಳು. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕಬೇಡಿ ಅನ್ನುವುದನ್ನು ಮೂರು ಬಗೆಯ ಸಿಟ್ಟಿನಲ್ಲಿ ಓದಿದ್ದಳು. ಬೇರೆ ಊರಿನಲ್ಲಿ ಓದುತ್ತಿದ್ದ ಮಗಳ ಮುದ್ದಿನ ಹೆಸರನ್ನು ಮಾತ್ರ ಮತ್ತೆ ಮತ್ತೆ ಅಳಿಸಿ ಮುದ್ರಿಸಿದಳು, ಎಷ್ಟು ಸಲ ಕರೆದರೂ ಅವಳಿಗೆ ಸಮಾಧಾನವಾಗಲಿಲ್ಲ. ಓದು ಪೂರ್ತಿ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಸಾಫ್ಟ್‌ವೇರಿನ ಕಂಪನಿಗೆ ಕಳಿಸಬೇಕಾಗಿತ್ತು. ಅಲ್ಲಿಯವರೆಗೆ ಅವಳ ದನಿ ಇದ್ದದ್ದು ಆ ಒಂದು ಡಬ್ಬದಲ್ಲಿ.

ಕಿವಿರಾಯನಿಗೆ ಆ ಮುದ್ರಣದಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿತು. ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ಆದರೆ ಜೀವನಪೂರ್ತಿ ಉಳಿಯಬೇಕಾದ ದನಿಯಲ್ಲಿ ಫ್ರಿಜ್ಜು ಕೂತಿದ್ದರೆ ಹೇಗೆ ಎಂದು ಅವನ ಜೀವ ತಡೆಯಲಿಲ್ಲ. ಚೊಕ್ಕ ಮಾಡಿದ ಮೇಲೆಯೇ ಪ್ರತಿ ತೆಗೆದಿಡೋಣ, ಕೊಳೆಯನ್ನು ಎರಡೆರಡು ಕಡೆ ಯಾಕಿಡಬೇಕು ಎಂದುಕೊಂಡ. ಊರಿನವರಿಗೆಲ್ಲ ಮೊದಲು ಪ್ರತಿ ತೆಗೆಯಿರಿ ಎಂದು ಬುದ್ಧಿ ಹೇಳುತ್ತಿದ್ದ ಮನುಷ್ಯ ಇವನೇ.

ಒಂದು ಬೆಳಿಗ್ಗೆ ಅವಳು ತಮ್ಮನ ಜೊತೆ ರಕ್ತಪರೀಕ್ಷೆಗೆ ಹೋದಾಗ ಅವನು ಮೇಲಿನ ಸಾಲು ಒತ್ತಿ ಕೂತ. ಕಡತಗಳಿದ್ದ ಭಾಗವನ್ನು ತೆರೆಯಲು ಹೋದರೆ ಲಿನಕ್ಸ್ ಬೇಡ ಅಂದಿತು. ಆ ಕಡೆ ವಿಂಡೋಸ್ ಮಲಗಿದೆ, ಅದನ್ನೆಬ್ಬಿಸಿ ಸರಿಯಾಗಿ ಆರಿಸಿ ಬಾ, ಈಗ ಓದಬಹುದು, ಬರೆಯುವಂತಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿತು. ತಾನು ನೆಚ್ಚಿದ ಯಂತ್ರ ತನಗೇ ಹೇಳಿದ ಮಾತನ್ನಾದರೂ ಕೇಳಬಹುದಿತ್ತು. ಎಬ್ಬಿಸಿ ಆರಿಸಿದರೆ ಅವಳು ಬಿಟ್ಟ ವಾಕ್ಯ ಕಳೆದುಹೋಗುತ್ತದೆ, ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡು ಬಲವಂತದ ಆಜ್ಞೆ ಕೊಟ್ಟು ತೆರೆದ. ಮಧ್ಯಾಹ್ನದೊಳಗೆ ಎಲ್ಲ ಕಡತಗಳನ್ನೂ ಚೊಕ್ಕ ಮಾಡಿ, ಹೊಸ ಹೆಸರಿಟ್ಟು, ಹಳೆಯವುಗಳ ಜಾಗದಲ್ಲಿ ಇಟ್ಟ. ಅವಳ ದನಿ ತೊಳೆದ ಗಾಜಿನ ಹಾಗಿತ್ತು. ಪ್ರತಿ ತೆಗೆಯಲು ಕೂತಾಗಲೇ ಹೊರಗೆ ಆಟೋ ಬಂತು. ಅವಳಿಗೆ ಸುಸ್ತಾಗಿತ್ತು, ಊಟ ಬಡಿಸಲು ಎದ್ದ.

ಆಮೇಲೆ ಅವಳು ಎಂದಿನಂತೆ ಕೆಳಗಿನ ಸಾಲು ಒತ್ತಿ, ಉಳಿದ ಕೆಲವೇ ವಾಕ್ಯಗಳನ್ನು ಓದಿ ಮುಗಿಸಿದಳು. ಮಲಗಿದ್ದ ವಿಂಡೋಸಿಗೆ ಮನೆಯ ಸಾಮಾನನ್ನು ಬೇರೊಬ್ಬರು ಜರುಗಿಸಿದ್ದು ಗೊತ್ತಿರಲಿಲ್ಲ. ಎಲ್ಲವೂ ಹಿಂದೆ ಇದ್ದಲ್ಲೇ ಇದೆ ಎಂಬ ನೆನಪಿನಲ್ಲಿ ಎದ್ದು, ಅದೇ ನೆನಪಿನ ಮೇಲೆ ಬರೆಯುತ್ತ ಹೋಯಿತು. ಮುಗಿಸಿದ ಸಂತೋಷಕ್ಕೆ ಆ ದಿನ ಮಾತ್ರ ಅವಳು ಯಂತ್ರವನ್ನು ಪೂರ್ತಿ ಆರಿಸಿದಳು.

ಆಪರೇಷನ್ನಿಗೆ ಹಿಂದಿನ ದಿನ ಬೆಳಿಗ್ಗೆ, ಎಲ್ಲವನ್ನೂ ಕಳಿಸೋಣವೆಂದು ಕಿವಿರಾಯ ಯಂತ್ರ ಹಾಕಿದ. ಡಿಸ್ಕ್ ಸರಿಯಿಲ್ಲ, ದುರಸ್ತಿ ಮಾಡುತ್ತಿದ್ದೇನೆ ಎಂದಿತು ವಿಂಡೋಸ್. ದುರಸ್ತಿ ಮುಗಿದ ಮೇಲೆ ನೋಡಿದರೆ ಕಡತಗಳ ಹೆಸರೇ ಇಲ್ಲ, ಬರೀ ಸಂಖ್ಯೆಗಳ ಚೂರುಗಳು. ಒಂದನ್ನು ತೆರೆದ, ಗರಗರ. ಇನ್ನೊಂದು, ಗರಗರ. ಮತ್ತೊಂದರಲ್ಲಿ ಅವಳು 'ನೀಲಿ' ಅನ್ನುವಷ್ಟರಲ್ಲಿ ಮತ್ತೆ ಗರಗರ. ಅವನು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದ. ಲಿನಕ್ಸ್‌ನಿಂದ ನೋಡಿದ, ವಿಂಡೋಸ್‌ನಿಂದ ನೋಡಿದ. ಎರಡೂ ಒಂದೇ ಮಾತು ಹೇಳಿದವು. ತಪ್ಪು ಆ ಎರಡರದ್ದೂ ಅಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೊರಗಿನ ಕೋಣೆಯಲ್ಲಿ ಹೆಂಡತಿ ಆಸ್ಪತ್ರೆಗೆ ಬಟ್ಟೆ ಜೋಡಿಸುತ್ತಿದ್ದಳು. ದನಿ ಇನ್ನೂ ಇತ್ತು. ಸೀಳಿತ್ತು, ಕೆಮ್ಮು ಬರುತ್ತಿತ್ತು, ಆದರೆ ಅವಳದೇ ದನಿ. ಸಂಜೆಯವರೆಗೆ ಹೊತ್ತಿತ್ತು. ಈಗಲೇ ಹೋಗಿ ಹೇಳಿದರೆ, ಸಾಫ್ಟ್‌ವೇರಿಗೆ ಸಾಕಾಗದಿದ್ದರೂ, ನಾಲ್ಕು ಮಾತನ್ನಾದರೂ ಫೋನಿನಲ್ಲಿ ಹಿಡಿದಿಡಬಹುದು. ಅವನು ಎದ್ದು ಬಾಗಿಲವರೆಗೂ ಹೋದ. ಅವಳು ತಲೆಯೆತ್ತಿ, ಕಳಿಸಿದಿರಾ ಎಂದು ಹುಬ್ಬಿನಲ್ಲೇ ಕೇಳಿದಳು. ಅವನು ಹೂಂ ಎಂದ.

ಆ ಒಂದು ಹೂಂ ಬಾಯಿಂದ ಹೇಗೆ ಬಂತೋ. ಆಪರೇಷನ್ನಿಗೆ ಹೋಗುವವಳನ್ನು ಹೆದರಿಸಬಾರದು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ನಿಜ ಹೇಳಬೇಕೆಂದರೆ ಹೆದರಿದ್ದು ಅವನು. ಅವಳ ಮುಖ ಬದಲಾಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ, ಅಷ್ಟೇ.

ಅವಳು ನಿರಾಳವಾದಳು. ಕೆಲಸ ಮುಗಿದ ದನಿಗೆ ಇನ್ನು ವಿಶ್ರಾಂತಿ ಎಂಬಂತೆ ಬಾಯಿಗೆ ಬೀಗ ಹಾಕಿಕೊಂಡಳು. ಮಾತಾಡಿದರೆ ನೋವು, ವೈದ್ಯೆಯೂ ಬೇಡ ಅಂದಿದ್ದರು. ಹಗಲೆಲ್ಲ ಸನ್ನೆಯಲ್ಲೇ ಕಳೆದಳು. ಸಂಜೆ ಆಸ್ಪತ್ರೆಗೆ ಹೊರಡುವ ಮೊದಲು ಮಗಳ ಫೋನ್ ಬಂತು. ರೈಲು ತಡ, ಆಪರೇಷನ್ ಹೊತ್ತಿಗೆ ಮುಟ್ಟಲಾರೆ, ಅಮ್ಮನಿಗೆ ಒಂದು ನಿಮಿಷ ಕೊಡಿ ಎಂದು ಕೇಳಿದಳು. ಅವನು ಫೋನ್ ಚಾಚಿದ. ಗೇರಕ್ಕ ಗಂಟಲು ಮುಟ್ಟಿಕೊಂಡು ಬೇಡವೆಂದಳು. ಹಿಂದಿನ ಕೋಣೆಯ ಕಡೆ ಬೆರಳು ತೋರಿಸಿ, ಪಿಸುದನಿಯಲ್ಲಿ ಅವನಿಗಷ್ಟೇ ಕೇಳುವಂತೆ ಹೇಳಿದಳು:

"ಅವಳು ಬಂದ್ಮೇಲೆ ಅದರಲ್ಲೇ ಬೇಕಾದಷ್ಟು ಮಾತಾಡ್ತೀನಿ."

ಕಿವಿರಾಯ ಫೋನನ್ನು ಕಿವಿಗಿಟ್ಟುಕೊಂಡು, ಅಮ್ಮ ಮಲಗಿದ್ದಾಳೆ ಎಂದ.

ಆಪರೇಷನ್ ಚೆನ್ನಾಗಿ ಆಯಿತು. ಕತ್ತಿನಲ್ಲಿ ಉಸಿರಾಡಲು ತೂತು, ಮಡಿಲಲ್ಲಿ ಬರೆಯಲು ಒಂದು ಸ್ಲೇಟು. ಮಗಳು ಬಂದು ಅಮ್ಮನ ಕೈ ಹಿಡಿದು ಕೂತಳು. ಮನೆಗೆ ಹೋದ ತಕ್ಷಣ ಆ ದನಿ ಕೇಳಬೇಕು ಎಂದಳು. ತಯಾರಾಗಲು ಇನ್ನೂ ಹೊತ್ತು ಹಿಡಿಯುತ್ತದೆ ಎಂದು ಅಪ್ಪ ಹೇಳಿದ. ಕೇಳಿದಾಗಲೆಲ್ಲ ಅದನ್ನೇ ಹೇಳಿದ. ರಜೆ ಮುಗಿದು ಮಗಳು ಹೊರಟುಹೋದಳು.

ಒಂದು ದಿನ ಅವನು ಔಷಧಿ ಅಂಗಡಿಯಿಂದ ಬಂದಾಗ ಹೆಂಡತಿ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಪರದೆಯ ಮೇಲೆ ಸಂಖ್ಯೆಗಳ ಚೂರುಗಳು. ಒಂದೊಂದನ್ನೇ ಒತ್ತುತ್ತಿದ್ದಳು, ಗರಗರ ಗರಗರ. ಅವನು ಬಾಗಿಲಲ್ಲೇ ನಿಂತು, ತನ್ನ ಕೈಯಿಂದ ಕಡತಗಳು ಹಾಳಾದ ಬಗೆಯನ್ನು ಹೇಳಿದ. ಅವಳು ಯಂತ್ರವನ್ನು ಮಲಗಿಸಿದ್ದನ್ನು ಹೇಳಲಿಲ್ಲ. ಅಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದಳು.

"ಯಾವಾಗ ಗೊತ್ತಾಯ್ತು?"

ಇಲ್ಲಿ ಒಂದು ಸುಳ್ಳಿಗೆ ಜಾಗವಿತ್ತು. ಆಪರೇಷನ್ ಆದ ಮೇಲೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಅವನಿಗೆ ಸಾಕಾಗಿತ್ತು.

"ಹಿಂದಿನ ದಿನ. ಬೆಳಿಗ್ಗೆ."

ಅವಳು ಸ್ಲೇಟನ್ನು ಅಂಗೈಯಿಂದ ಒರೆಸಿದಳು. ಬರೆಯಲು ತುಂಬ ಹೊತ್ತು ತೆಗೆದುಕೊಂಡಳು. ತಿರುಗಿಸಿ ತೋರಿಸಿದಾಗ ಇದ್ದದ್ದು ಒಂದೇ ಸಾಲು.

"ಇಡೀ ದಿನ ಇತ್ತಲ್ರೀ."

ಅವಳು ಸ್ಲೇಟನ್ನು ಮೇಜಿನ ಮೇಲೆ ಮಗುಚಿಟ್ಟಳು. ಅವನನ್ನು ನೇರವಾಗಿ ನೋಡಿದಳು. ಅವಳ ತುಟಿಗಳು ಆಡಿದವು. ಒಂದೆರಡು ಪದವಲ್ಲ, ತುಂಬಾ ಹೊತ್ತು ಆಡಿದವು. ನಡುವೆ ಒಮ್ಮೆ ನಿಂತು, ಕಣ್ಣೊರೆಸಿಕೊಂಡು, ಮತ್ತೆ ಆಡಿದವು. ಅವನು ಮುಂದೆ ಬಂದು, ಮೊಣಕಾಲೂರಿ ಕೂತು ಅವಳ ಬಾಯನ್ನೇ ನೋಡಿದ. ಒಂದು ಪದವೂ ತಿಳಿಯಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳು" ಎಂದು ಸ್ಲೇಟನ್ನು ಎತ್ತಿ ಅವಳ ಕೈಗೆ ಕೊಡಹೋದ.

ಅವಳು ತೆಗೆದುಕೊಳ್ಳಲಿಲ್ಲ. ಹೇಳಬೇಕಾದ್ದನ್ನು ಅವಳು ಹೇಳಿಯಾಗಿತ್ತು.