ತಿಂಗಳಿಗೆ ಐವತ್ತೈದು ಸಾವಿರ ವೊನ್

ಆ ತಿಂಗಳಲ್ಲಿ ಪುಕ್ಕಟೆ ಊಟದವರು ಬಂದದ್ದು ಅದು ಏಳನೇ ಸಲ. ಇಬ್ಬರು ಹುಡುಗಿಯರು, ಒಬ್ಬ ಕನ್ನಡಕದ ಯುವಕ. ಬಂದವರೇ ಕಿಟಕಿ ಪಕ್ಕದ ಮೇಜು ಹಿಡಿದು, "ಪ್ರಚಾರದ ಕಡೆಯಿಂದ ಬಂದಿದೀವಿ, ದೊಡ್ಡ ತಟ್ಟೆ ಒಂದು" ಎಂದರು.

ತಾಕ್ ಓಕ್‌ಬುನ್ ಒಲೆ ಹಚ್ಚಿದಳು. ಅರವತ್ತೊಂದರ ಹೆಂಗಸು. ಮಾಸಾನ್ ಬಂದರಿನ ಹಿಂದಿನ ಓಣಿಯಲ್ಲಿ ಆರು ಮೇಜಿನ ಊಟದಂಗಡಿ. ಎಡ ಮೊಣಕಾಲು ಬಾತು ಕುಂಬಳಕಾಯಿಯಂತಾಗಿತ್ತು. ಕೆಲಸಕ್ಕಿದ್ದ ಹೆಂಗಸನ್ನು ಸಂಬಳ ಕೊಡಲಾಗದೆ ಬಿಡಿಸಿ ಎರಡು ತಿಂಗಳಾಗಿತ್ತು. ಬೇಯಿಸುವವಳೂ ಅವಳೇ, ಬಡಿಸುವವಳೂ ಅವಳೇ, ತಟ್ಟೆ ತೊಳೆಯುವವಳೂ ಅವಳೇ.

ಅವಳಲ್ಲಿ ಸಿಗುವುದು ಒಂದೇ ಪದಾರ್ಥ, ಆಗು ಎನ್ನುವ ದೊಡ್ಡ ಬಾಯಿಯ ಕಡಲ ಮೀನು. ಅದೂ ಒಣಗಿಸಿದ್ದು. ಚಳಿಗಾಲದಲ್ಲಿ ಮಾಳಿಗೆಯ ಮೇಲೆ ಸಮುದ್ರದ ಗಾಳಿಗೆ ಇಪ್ಪತ್ತು ದಿನ ನೇತುಹಾಕಬೇಕು. ಹಿಮ ಬಿದ್ದರೆ ಒಳಗೆ ತರಬೇಕು, ನಿಂತ ಮೇಲೆ ಮತ್ತೆ ಹೊರಗೆ ಕಟ್ಟಬೇಕು. ಆಮೇಲೆ ನೆನೆಸಿ, ಮೆಣಸಿನ ಪುಡಿ, ಹುದುಗಿಸಿದ ಸೋಯಾ, ಮೊಳಕೆಕಾಳು ಹಾಕಿ ಬೇಯಿಸಿದರೆ ಮೀನು ನಾರುನಾರಾಗಿ ಹಲ್ಲಿಗೆ ಕೆಲಸ ಕೊಡುತ್ತದೆ, ಅಗಿದಷ್ಟೂ ರುಚಿ ಬಿಡುತ್ತದೆ. ಬೇರೆ ಊರಿನವರು ಇದನ್ನೇ ಹಸಿ ಮೀನಿನಲ್ಲಿ ಮಾಡುತ್ತಾರೆ. ಮಾಸಾನಿನ ಹಳಬರು ಅದಕ್ಕೆ ಮೂಗು ಮುರಿಯುತ್ತಾರೆ. ಓಕ್‌ಬುನ್‌ಗೆ ಈ ವಿದ್ಯೆ ಕಲಿಸಿದ್ದು ಅವಳ ಅತ್ತೆ. ಬೈದು ಬೈದೇ ಕಲಿಸಿದಳು. ಮೂವತ್ತೆರಡು ವರ್ಷದಿಂದ ಅಂಗಡಿಗಿದ್ದ ಹೆಸರೆಲ್ಲ ಆ ಒಣಮೀನಿನದೇ.

ಆ ಹೆಸರಿಗೇ ಈಗ ಕುತ್ತು ಬಂದಿತ್ತು.

ಶುರುವಾದದ್ದು ಒಂದು ಫೋನಿನಿಂದ. ರಾಜಧಾನಿ ಸೋಲ್‌ನ ಪ್ರಚಾರ ಕಂಪನಿಯಿಂದ ಮ್ಯೊಂಗ್ ಎನ್ನುವವನು ಮಾತಾಡಿದ್ದ. ಬೆಣ್ಣೆಯಂಥ ದನಿ. ಮೊದಲ ಮಾತಿಗೇ "ಅಮ್ಮಾ" ಎಂದಿದ್ದ.

"ಅಮ್ಮಾ, ನಿಮ್ಮ ಅಂಗಡಿ ಆಯ್ಕೆಯಾಗಿದೆ. ಇಡೀ ಓಣಿಗೆ ಒಂದೇ ಅಂಗಡಿ. ಇವತ್ತಿನ ಕಾಲದಲ್ಲಿ ಫೋನಲ್ಲಿ ಕಾಣದ ಅಂಗಡಿ ಇದ್ದೂ ಇಲ್ಲದ ಹಾಗೆ. ನಿಮ್ಮ ಬಗ್ಗೆ ನಾವೇ ಬರೆಸ್ತೀವಿ, ಫೋಟೋ ಹಾಕಿಸ್ತೀವಿ, ಜನರನ್ನ ಕಳಿಸ್ತೀವಿ. ತಿಂಗಳಿಗೆ ಬರೀ ಐವತ್ತೈದು ಸಾವಿರ ವೊನ್."

ಐವತ್ತೈದು ಸಾವಿರ ಎಂದರೆ ಒಂದು ದೊಡ್ಡ ತಟ್ಟೆಯ ಬೆಲೆಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ಒಂದು ತಟ್ಟೆ ಹೋದರೆ ಹೋಗಲಿ ಎಂದುಕೊಂಡು ಓಕ್‌ಬುನ್ ಕಾರ್ಡಿನ ಅಂಕಿಗಳನ್ನು ಓದಿ ಹೇಳಿದಳು. ಫೋನಿಗೆ ಬಂದ ಕರಾರಿನಲ್ಲಿ "ಒಪ್ಪಿದೆ" ಎನ್ನುವಲ್ಲಿ ಬೆರಳೊತ್ತಿದಳು. ಇರುವೆ ಸಾಲಿನಂಥ ಅಕ್ಷರ, ಕೈಯೆಲ್ಲ ಮೆಣಸಿನ ಪುಡಿ. ಓದುವವರು ಯಾರು?

ತಿಂಗಳ ಕೊನೆಗೆ ಕಾರ್ಡಿನ ಲೆಕ್ಕ ಬಂತು. ಮೂವತ್ತಾರು ತಿಂಗಳದ್ದೂ ಒಂದೇ ಏಟಿಗೆ ಎಳೆದಿದ್ದರು. ಹತ್ತೊಂಬತ್ತು ಲಕ್ಷ ಎಂಬತ್ತು ಸಾವಿರ ವೊನ್.

ದುಡ್ಡು ಹೋದದ್ದನ್ನು ಅವಳು ಹಲ್ಲು ಕಚ್ಚಿ ಸಹಿಸಿಕೊಂಡಾಳು. ಸಹಿಸಲಾಗದ್ದು ಆಮೇಲೆ ಬಂತು. ಫೋನುಗಳಲ್ಲಿ ಬರಹಗಳು ಬಂದವು, ಅವನ್ನು ನಂಬಿ ಗಿರಾಕಿಗಳೂ ಬಂದರು. ದೂರದೂರದ ಊರಿನವರು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಇದೇನಮ್ಮ, ಮೀನು ಹಿಂಗೆ ಒಣಗಿದೆ? ಹಳೇದಾ?" ಎಂದರು. ಊರಿಗೆ ಹೋಗಿ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು, 'ತಾಜಾ ಎಂದು ಹೇಳಿ ಒಣಕಲು ಹಾಕುತ್ತಾರೆ, ಮೋಸ' ಎಂದು ಬರೆದರು. ಅಂಥವು ಹದಿನಾಲ್ಕಾದವು. ಮೂವತ್ತೆರಡು ವರ್ಷ ಯಾರೂ ಆಡದ ಮಾತು ಅದು. ಓಕ್‌ಬುನ್ ಅದನ್ನು ಓದಿ ಮೀನಿನ ಬುಟ್ಟಿಯ ಮುಂದೆ ಕೂತು ಅತ್ತಳು.

ಇವತ್ತಿನ ಮೂವರು ತಟ್ಟೆಯ ಮೇಲೆ ಪುಟ್ಟ ದೀಪ ಹಿಡಿದು, ಊಟ ಆರುವತನಕ ಫೋಟೋ ತೆಗೆದರು. ತಿಂದು ಎದ್ದಾಗ ಓಕ್‌ಬುನ್ ಬಾಗಿಲಿಗೆ ಅಡ್ಡ ನಿಂತಳು.

"ಒಂದ್ ನಿಮಿಷ ನಿಂತ್ಕೊಳ್ರವ್ವಾ. ಈಗ ತಿಂದ್ರಲ್ಲ, ಆ ಮೀನು ಹಸೀದಾ, ಒಣಗಿಸಿದ್ದಾ?"

ಮೋಟುಗೂದಲಿನ ಹುಡುಗಿ ಹೇಳಿದಳು, "ಒಣಗಿಸಿದ್ದು. ಚೆನ್ನಾಗಿತ್ತು ಚಿಕ್ಕಮ್ಮ."

"ಹಂಗಾದ್ರೆ 'ಈಗಷ್ಟೇ ತಂದ ತಾಜಾ ಮೀನು' ಅಂತ ಯಾಕ್ರೇ ಬರೀತೀರ? ನನ್ನ ಅನ್ನ ತಿಂದು ನನ್ನ ಬಾಯಿಗೇ ಮಣ್ಣು ಹಾಕ್ತೀರಲ್ಲ!"

ಹುಡುಗಿಯ ಮುಖ ಕೆಂಪಗಾಯಿತು. "ನಾವು ಬರಿಯೋದೇ ಇಲ್ಲ ಚಿಕ್ಕಮ್ಮ. ಬರಹ ಅವ್ರೇ ಕಳಿಸ್ತಾರೆ. ಹೆಸರು ತುಂಬಿ, ಫೋಟೋ ಸೇರಿಸಿ ಹಾಕೋದಷ್ಟೇ ನಮ್ಮ ಕೆಲಸ. ಒಂದಕ್ಷರ ಬದಲಾಯಿಸಿದ್ರೂ ಮುಂದಿನ ಸಲ ಕರಿಯಲ್ಲ. ನಮಗೆ ಈ ಊಟ ಬಿಟ್ರೆ ಬಸ್ ಚಾರ್ಜೂ ಕೊಡಲ್ಲ." ಎಂದವಳು ಫೋನ್ ತೆಗೆದು ತೋರಿಸಿದಳು.

ಬರಹ ಅಲ್ಲಿತ್ತು. ಅಂಗಡಿಯ ಹೆಸರಿರಬೇಕಾದ ಕಡೆ ಖಾಲಿ. ಪದಾರ್ಥದ ಹೆಸರಿರಬೇಕಾದ ಕಡೆ ಖಾಲಿ. 'ಈಗಷ್ಟೇ ತಂದ ತಾಜಾ' ಎನ್ನುವುದು ಮಾತ್ರ ಅಚ್ಚಾಗಿ ಕೂತಿತ್ತು.

"ಇದನ್ನ ಇನ್ಯಾರಿಗೆಲ್ಲ ಹಾಕಿದ್ದೀರ?"

"ಈ ಓಣೀಲೇ ಎಂಟು ಕಡೆ" ಎಂದಳು ಹುಡುಗಿ.

ಓಣಿಗೆ ಒಂದೇ ಅಂಗಡಿ ಎಂದಿದ್ದನಲ್ಲ, ಆ ಪುಣ್ಯಾತ್ಮ! ಓಕ್‌ಬುನ್ ಏಪ್ರನ್ ಬಿಚ್ಚದೆ, ಕುಂಟುತ್ತಲೇ ಎದುರಿನ ಬಾಗಿಲಿಗೆ ಹೋದಳು. ಅಲ್ಲಿ ಬಟ್ಟೆ ರಿಪೇರಿ ಮಾಡುವ ದೊಕ್‌ಸಿಲ್ ಒಂದು ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು.

"ದೊಕ್‌ಸಿಲ್, ಫೋನಿನ ಪ್ರಚಾರಕ್ಕೆ ನೀನೂ ದುಡ್ಡು ಕಟ್ಟಿದೀಯೇನೆ?"

ಹೊಲಿಗೆ ಮಿಷನ್ ನಿಂತಿತು. "ಯಾರಕ್ಕಾ ನಿಂಗ್ ಹೇಳಿದ್ದು?"

"ಎಷ್ಟು ಕಟ್ಟಿದೆ?"

"ಹೇಳಿದ್ರೆ ನಗ್ತೀಯ."

"ನಾನು ಹತ್ತೊಂಬತ್ತು ಲಕ್ಷ ಎಂಬತ್ತು ಸಾವಿರ. ನಗು ನೋಡಾನ."

ದೊಕ್‌ಸಿಲ್ ನಗಲಿಲ್ಲ. "ಮೂವತ್ತೊಂಬತ್ತು ಲಕ್ಷ ಅರವತ್ತು ಸಾವಿರ ಅಕ್ಕಾ," ಎಂದಳು. ಓಣಿಯಲ್ಲೇ ಚಿಕ್ಕ ಅಂಗಡಿ ಅವಳದು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. "ಮನೆಯವ್ರಿಗೂ ಹೇಳಿಲ್ಲ. ಹರಿದ ಪ್ಯಾಂಟಿಗೆ ತಾಜಾ ಅಂತ ಬರ್ಸವ್ರೆ ಕಣಕ್ಕ, ಎಲ್ಲಿ ಮುಖ ಇಟ್ಕೊಳ್ಲಿ?"

ಕ್ಷೌರದ ಚಾಂಗ್‌ಗ್ಯು ಹನ್ನೊಂದು ಲಕ್ಷ ಎಂಬತ್ತೆಂಟು ಸಾವಿರ ಕಟ್ಟಿದ್ದ. ಒಂದೇ ಕಂಪನಿ, ಒಂದೇ ಬರಹ. ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಯಾರ ದನಿ ಎಷ್ಟು ಮೆತ್ತಗಿತ್ತೋ ಅವರಿಂದ ಅಷ್ಟು ಕಿತ್ತಿದ್ದರು. ಒಂಬತ್ತು ಜನರೂ ನಾಚಿಕೆಯಿಂದ ಬಾಯಿ ಹೊಲಿದುಕೊಂಡಿದ್ದರು. ಆ ನಾಚಿಕೆಯೇ ಕಂಪನಿಯವರ ಬಂಡವಾಳ.

ಈಗ ಎಲ್ಲರೂ ಸೇರಿ ಮೊದಲು ಪೊಲೀಸ್ ಠಾಣೆಗೆ ಹೋದರು. ಮೇಜಿನ ಹಿಂದಿದ್ದ ಅಧಿಕಾರಿ ಕರಾರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ನೀವೇ ಒಪ್ಪಿದೀರಲ್ಲ. ಇದು ವ್ಯವಹಾರದ ಜಗಳ, ಕೋರ್ಟಿಗೆ ಹೋಗಿ," ಎಂದು ವಾಪಸು ತಳ್ಳಿದ. ಓಕ್‌ಬುನ್ ಕಂಪನಿಗೆ ಫೋನ್ ಮಾಡಿ, ಕರಾರು ಬೇಡ, ಸುಳ್ಳು ಬರಹ ಅಳಿಸಿ ಎಂದಳು. ಮ್ಯೊಂಗ್‌ನ ದನಿಯ ಬೆಣ್ಣೆ ಕರಗಿತ್ತು. "ಒಂದು ಬರಹಕ್ಕೆ ಎರಡು ಲಕ್ಷ ಹಿಡೀತೀವಿ. ಹನ್ನೆರಡು ಹಾಕಿದೀವಿ, ಇಪ್ಪತ್ನಾಲ್ಕು ಲಕ್ಷ ಆಯ್ತು. ಬಿಡೋದಾದ್ರೆ, ಕಟ್ಟಿದ್ದು ಕಳೆದು ನೀವೇ ಇನ್ನೂ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಕೊಡಬೇಕು, ಅಮ್ಮಾ."

ಮರುದಿನ ಓಕ್‌ಬುನ್ ದೊಡ್ಡ ಹಾಳೆ ತಂದು, ದಪ್ಪ ಅಕ್ಷರದಲ್ಲಿ ಬರೆದು, ಗಾಜಿನ ಬಾಗಿಲಿಗೆ ಅಂಟಿಸಿದಳು. 'ನಮ್ಮದು ಒಣಗಿಸಿದ ಮೀನು. ತಾಜಾ ಎಂದು ಬರೆಸಿದ್ದು ಕಂಪನಿ.' ಕೆಳಗೆ ಕಂಪನಿಯ ಹೆಸರು. ಅದರ ಕೆಳಗೆ ಒಂಬತ್ತು ಅಂಗಡಿಗಳ ಹೆಸರು, ಕಟ್ಟಿದ ಮೊತ್ತ, ಸಿಕ್ಕಿದ್ದು ಏನು. ಹೆಸರು ಬರೆಸುವಾಗ ದೊಕ್‌ಸಿಲ್ ಗಂಡ ಬಂದಾನೆಂದು ಓಣಿಯ ಕಡೆ ನೋಡಿದಳು. ಆದರೂ "ಬರಿಯಕ್ಕ, ಮೂವತ್ತೊಂಬತ್ತು ಲಕ್ಷ ಅಂತ ದೊಡ್ಡದಾಗೇ ಬರಿ," ಎಂದಳು. ಮೋಟುಗೂದಲಿನ ಹುಡುಗಿ ಬಂದು ಅದರ ಫೋಟೋ ತೆಗೆದುಕೊಂಡು ಹೋದಳು. ಈ ಸಲ ಬರಹವೂ ಅವಳದೇ. ಬೇರೆ ಊರುಗಳಿಂದ ಫೋನ್ ಬರತೊಡಗಿದವು. ನಾನೂ ಕಟ್ಟಿದೆ, ನಾನೂ ಕಟ್ಟಿದೆ ಎಂದು.

ನಾಲ್ಕನೇ ದಿನ ಮಧ್ಯಾಹ್ನ ಮ್ಯೊಂಗ್ ಸ್ವತಃ ಬಂದ. ಇಸ್ತ್ರಿ ಕೋಟು, ಕೈಯಲ್ಲಿ ಹಣ್ಣಿನ ಪೆಟ್ಟಿಗೆ.

"ಅಮ್ಮಾ, ಬಾಗಿಲಿನ ಹಾಳೆ ತೆಗೀರಿ. ನಿಮಗೊಬ್ಬರಿಗೆ ಅರ್ಧ ದುಡ್ಡು ವಾಪಸು ಕೊಡಿಸ್ತೀನಿ. ಬೇರೆಯವರಿಗೆ ಹೇಳಬೇಡಿ."

ಓಕ್‌ಬುನ್ ಬಾಗಿಲು ಪೂರ್ತಿ ತೆರೆದು ಓಣಿಗೆಲ್ಲ ಕೇಳುವಂತೆ ಕೂಗಿದಳು, "ಬರ್ರೋ ಎಲ್ಲಾರೂ! ನಂಗೊಬ್ಬಳಿಗೆ ಅರ್ಧ ಕೊಡ್ತಾನಂತೆ, ನಿಮಗೆ ಹೇಳ್ಬಾರ್ದಂತೆ!"

ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಚಾಂಗ್‌ಗ್ಯು ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದಿದ್ದ. ಓಕ್‌ಬುನ್ ಗೋಡೆಯ ಮೇಲಿನ ದರಪಟ್ಟಿ ತೋರಿಸಿದಳು. "ನೋಡಲ್ಲಿ. ಚಿಕ್ಕ ತಟ್ಟೆ ಮೂವತ್ತು ಸಾವಿರ, ದೊಡ್ಡದು ಐವತ್ತು. ಮಂತ್ರಿ ಬಂದ್ರೂ ಅಷ್ಟೇ, ಕುಡುಕ ಬಂದ್ರೂ ಅಷ್ಟೇ. ನಿನ್ನ ಕೆಲಸದ ಬೆಲೆ ಎಷ್ಟಪ್ಪಾ? ಗೋಡೆ ಮೇಲೆ ಬರಿ. ಒಪ್ಪಿಗೆ ಆದ್ರೆ ತಗೋತೀವಿ, ಇಲ್ದಿದ್ರೆ ಬಿಡ್ತೀವಿ."

ಮ್ಯೊಂಗ್ ಗೋಡೆ ನೋಡಲಿಲ್ಲ. ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡ. "ಇದು ಮಾನಹಾನಿ. ನೀವು ಬರೆದಿದ್ದು ನಿಜಾನೇ ಆಗಿದ್ರೂ ಕಾನೂನಲ್ಲಿ ತಪ್ಪು. ದೂರು ಕೊಡ್ತೀನಿ ಅಮ್ಮಾ."

"ಕೊಡು. ನನ್ನ ಹೆಸರು ತಾಕ್ ಓಕ್‌ಬುನ್. ದೂರಲ್ಲಿ ಅಮ್ಮ ಅಂತ ಬರೆದ್ರೆ ಪೊಲೀಸ್ನೋರು ತಗೊಳ್ಳಲ್ಲ."

ಅವನು ಕೊಟ್ಟ. ಒಂಬತ್ತು ಜನರ ಕಣ್ಣೀರು ಕಾಣದ ಠಾಣೆಗೆ ಕಂಪನಿಯ ಒಂದು ದೂರು ವಾರದೊಳಗೆ ಕಂಡಿತು. ಕರೆ ಬಂದ ದಿನ ಓಣಿಯ ಒಂಬತ್ತೂ ಅಂಗಡಿಗೆ ಬೀಗ ಬಿತ್ತು. ಉಳಿದ ಎಂಟು ಜನರೂ ಓಕ್‌ಬುನ್‌ಳ ಕುಂಟು ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ಠಾಣೆಯಲ್ಲಿ ಇದ್ದವನು ಅದೇ ಅಧಿಕಾರಿ. ಅವಳ ಹೇಳಿಕೆ ಬರೆದುಕೊಂಡು, ಹೆಬ್ಬೆಟ್ಟು ಒತ್ತಲು ಕೆಂಪು ಶಾಯಿಯ ಡಬ್ಬಿ ಮುಂದಿಟ್ಟ.

"ಸಾಹೇಬ್ರೇ, ನಾನು ಬರೆದಿದ್ರಲ್ಲಿ ಸುಳ್ಳು ಯಾವ್ದು ತೋರ್ಸಿ," ಎಂದಳು.

"ಸುಳ್ಳು ಅಂತ ಯಾರೂ ಹೇಳಿಲ್ಲಮ್ಮ. ಕಂಪನಿಯವ್ರೂ ಹೇಳಿಲ್ಲ."

"ಹಂಗಾದ್ರೆ ಮೊದ್ಲು ಅದನ್ನ ಬರೀರಿ. ಸುಳ್ಳು ಅಂತ ಯಾರೂ ಹೇಳಿಲ್ಲ ಅಂತ."

"ಅದೆಲ್ಲ ಬೇಕಾಗಲ್ಲ, ಬೆರಳೊತ್ತಿ."

"ಓದದೆ ಒಂದ್ ಸಲ ಒತ್ತಿದೀನಿ," ಎಂದಳು ಓಕ್‌ಬುನ್. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ಅವಳ ಹಿಂದೆ ನಿಂತಿದ್ದ ಎಂಟು ಜನರೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬರೀರಿ ಸಾಹೇಬ್ರೇ. ಅಂಗ್ಡಿಗೆ ಬೀಗ ಹಾಕ್ಕೊಂಡೇ ಬಂದಿದೀವಿ, ನಮಗೇನೂ ಅವಸರ ಇಲ್ಲ."